ನಾಳಿನ ಬೆಲೆಯ ಆಸೆಗೆ ಇಂದಿನ ವೇಗದ ಕಾರು

ಐಷಾರಾಮದ ವಸ್ತುವನ್ನು ಕೊಳ್ಳುವವನು ಹಿಂದೆ ಅದನ್ನು ಐಷಾರಾಮವೆಂದೇ ಒಪ್ಪಿಕೊಳ್ಳುತ್ತಿದ್ದನು. ಅದರ ಖರ್ಚನ್ನು ಖರ್ಚಿನ ಖಾತೆಗೇ ಬರೆಯುತ್ತಿದ್ದನು. ಇತ್ತೀಚೆಗೆ ಅದೇ ಖರ್ಚು ಹೂಡಿಕೆಯೆಂಬ ಹೆಸರಿನಲ್ಲಿ ಆಸ್ತಿಯ ಖಾತೆಗೆ ನುಸುಳತೊಡಗಿದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಅನುಕೂಲಸ್ಥ ಮನೆಗಳಲ್ಲಿ ತರುಣರು ಹಿರಿಯರ ಮುಂದಿಡುವ ವಾದ ಹೀಗಿದೆ: ಅಧಿಕ ಶಕ್ತಿಯ ವೇಗದ ಕಾರೊಂದನ್ನು ಇಂದು ಕೊಂಡು ಜೋಪಾನವಾಗಿಟ್ಟರೆ ಇಪ್ಪತ್ತು ಮೂವತ್ತು ವರ್ಷಗಳ ತರುವಾಯ ಅದು ಸಂಗ್ರಹಕಾರರು ಹುಡುಕಿಕೊಂಡು ಬರುವ ವಸ್ತುವಾಗುತ್ತದೆ, ಪೆಟ್ರೋಲ್ ಎಂಜಿನ್ನಿನ ಯುಗ ಮುಗಿಯುತ್ತಿರುವುದರಿಂದ ಆ ಕೊನೆಯ ತಲೆಮಾರಿನ ಕಾರುಗಳಿಗೆ ಚಿನ್ನದ ಬೆಲೆ ಬರುತ್ತದೆ. ಮಾತು ಮಗನ ಬಯಕೆಯಾಗಿ ಬಂದರೆ ತಂದೆ ಬೇಡವೆನ್ನಬಹುದು. ಲೆಕ್ಕವಾಗಿ ಬಂದರೆ ವ್ಯಾಪಾರಿಯಾದ ತಂದೆಗೆ ಬೇಡವೆನ್ನುವುದು ಕಷ್ಟ. ಆದ್ದರಿಂದ ಈ ವಾದವನ್ನು ಮೊದಲು ಲೆಕ್ಕದಿಂದಲೇ ಪರೀಕ್ಷಿಸಬೇಕು, ಅನಂತರ ಶ್ರಾವಕಾಚಾರದಿಂದ.

ಈ ವಾದಕ್ಕೆ ಇಂಬು ಕೊಡುವುದು ಕಾರು ತಯಾರಕರ ಮಾರಾಟದ ಕ್ರಮ. 2020ರಲ್ಲಿ ಸ್ಕೋಡಾ ಕಂಪನಿಯು ಆಕ್ಟೇವಿಯಾ ಆರ್‌ಎಸ್ 245 ಎಂಬ ಕಾರನ್ನು ಭಾರತದಲ್ಲಿ ಕೇವಲ 200ರ ಸಂಖ್ಯೆಯಲ್ಲಿ, ಸುಮಾರು 36 ಲಕ್ಷ ರೂ. ಬೆಲೆಗೆ ಮಾರಿತು. 2025ರ ಅಕ್ಟೋಬರಿನಲ್ಲಿ ಅದರ ಹೊಸ ಆವೃತ್ತಿ ಕೇವಲ 100ರ ಸಂಖ್ಯೆಯಲ್ಲಿ, ಸುಮಾರು 50 ಲಕ್ಷ ರೂ.ಗೆ ಬಂದಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಫೋಕ್ಸ್‌ವ್ಯಾಗನ್ನಿನ ಗಾಲ್ಫ್ ಜಿಟಿಐ ಸುಮಾರು 53 ಲಕ್ಷ ರೂ.ಗೆ, ಅದೂ ಪರಿಮಿತ ಸಂಖ್ಯೆಯಲ್ಲಿ ಬಂದಿತು. ‘ಇಡೀ ದೇಶಕ್ಕೆ ನೂರೇ ಕಾರು’ ಎಂಬ ಮಾತು ಕೊಳ್ಳುವವನ ಕಿವಿಗೆ ಮಂತ್ರದಂತೆ ಕೇಳುತ್ತದೆ. ಆದರೆ ನೂರು ಎಂಬುದು ಭಾರತಕ್ಕೆ ಕಳುಹಿಸಿದ ಸಂಖ್ಯೆಯೇ ಹೊರತು ತಯಾರಾದ ಸಂಖ್ಯೆಯಲ್ಲ. ಅದೇ ಕಾರು ಯುರೋಪಿನ ಬೀದಿಗಳಲ್ಲಿ ಕುಟುಂಬದ ನಿತ್ಯೋಪಯೋಗಕ್ಕೆ ಓಡುತ್ತಿದೆ. ಅಂಗಡಿಯವನು ಗೋದಾಮಿನಲ್ಲಿ ಸಾವಿರ ಮೂಟೆ ಇಟ್ಟುಕೊಂಡು ಹಲಗೆಯ ಮೇಲೆ ಹತ್ತು ಮೂಟೆ ಮಾತ್ರ ಪೇರಿಸಿದರೆ ಅದನ್ನು ಬರಗಾಲವೆನ್ನಲಾಗದು. ವ್ಯಾಪಾರದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿರುವುದೇ ವಿಷಾದದ ಸಂಗತಿ.

ಪ್ರತಿವಾದಿಗಳ ಬಳಿ ಬಲವಾದ ಉದಾಹರಣೆಗಳಿಲ್ಲವೆಂದಲ್ಲ. ಇಟಲಿಯ ಫೆರಾರಿ 250 ಜಿಟಿಒ ಕಾರುಗಳು 1962ರಿಂದ 1964ರವರೆಗೆ 36 ಮಾತ್ರ ತಯಾರಾದವು. ಅವುಗಳಲ್ಲೊಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಯಿತು. ನಮ್ಮಲ್ಲಿಯೇ 1980ರ ದಶಕದ ರಾಜದೂತ್ 350 ಮೋಟಾರ್ ಸೈಕಲ್ ತನ್ನ ಕಾಲದ ಅತಿ ವೇಗದ ವಾಹನಗಳಲ್ಲೊಂದು. ಇಂದು ಅದಕ್ಕೆ ಹೊಸದಾಗಿದ್ದಾಗಿನ ಬೆಲೆಯ ಹಲವು ಪಟ್ಟು ಕೊಡಲು ಸಿದ್ಧರಾದವರಿದ್ದಾರೆ. ಮುಂಬಯಿಯ ಗೃಹಸ್ಥರೊಬ್ಬರು 1983ರಲ್ಲಿ 20 ಸಾವಿರ ರೂ.ಗೆ ಕೊಂಡ 1931ರ ಫೋರ್ಡ್ ಟೂರರ್ ಕಾರು ಹತ್ತು ವರ್ಷ ತುಂಬುವ ಮೊದಲೇ 21 ಲಕ್ಷ ರೂ.ಗೆ ಮಾರಾಟವಾದುದು ನ್ಯಾಯಾಲಯದ ದಾಖಲೆಯಲ್ಲಿದೆ. ಇವೆಲ್ಲವೂ ನಿಜ. ಆದರೆ ಈ ನಿಜಗಳು ಯಾರ ಪರವಾಗಿ ಸಾಕ್ಷಿ ನುಡಿಯುತ್ತವೆ ಎಂಬುದನ್ನು ನೋಡಬೇಕು.

ಫೆರಾರಿ ಜಿಟಿಒ ಕೊಂಡವರು ಅದನ್ನು ಪಂದ್ಯದಲ್ಲಿ ಓಡಿಸಲು ಕೊಂಡರು. ಕೆಲವೇ ವರ್ಷಗಳಲ್ಲಿ ಅದು ಹಳತಾದ ಪಂದ್ಯದ ಕಾರಾಗಿ ಅಗ್ಗದ ಬೆಲೆಗೆ ಕೈಯಿಂದ ಕೈಗೆ ಹೋಯಿತು. ರಾಜದೂತ್ 350 ಪೆಟ್ರೋಲ್ ಹೆಚ್ಚು ಕುಡಿಯುತ್ತದೆಂದು ಜನರು ದೂರವಿಟ್ಟರು. ಮಾರಾಟವಾಗದೆ ನಿಂತುಹೋದುದರಿಂದಲೇ ಅದು ವಿರಳವಾಯಿತು. ಮುಂಬಯಿಯ ಫೋರ್ಡ್ ಕಾರು ಅವರ ಕೈಸೇರುವಾಗಲೇ ಐವತ್ತು ವರ್ಷ ದಾಟಿತ್ತು; ಕಾಲದ ಪರೀಕ್ಷೆಯಲ್ಲಿ ಅದು ತೇರ್ಗಡೆಯಾದ ಮೇಲೆ ಅವರು ಕೊಂಡರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ದಿ ಬೈಕುಗಳನ್ನು ಇಂದು ಕರ್ನಾಟಕದ ಜನ ಮಕ್ಕಳಂತೆ ಸಾಕುತ್ತಿದ್ದಾರೆ. ಅವು ಶಾಲಾ ಮಾಸ್ತರರೂ, ಹಾಲಿನವರೂ, ಅಡಿಕೆ ವ್ಯಾಪಾರಿಗಳೂ ದುಡಿಸಿಕೊಂಡ ಗಾಡಿಗಳು. 1983ರ ಡಿಸೆಂಬರಿನಲ್ಲಿ ಮೊದಲ ಗ್ರಾಹಕರ ಕೈಸೇರಿದ ಮಾರುತಿ 800 ಬಹುಕಾಲ ತುಕ್ಕು ಹಿಡಿಯುತ್ತ ನಿಂತಿತ್ತು. ಕಂಪನಿಯೇ ಅದನ್ನು ಮತ್ತೆ ಸಜ್ಜುಗೊಳಿಸಿ ತನ್ನ ಪ್ರಧಾನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದು 2022ರಲ್ಲಿ. ಅದರಷ್ಟು ನಿಧಾನದ, ಸಾಧಾರಣ ಕಾರು ಇನ್ನೊಂದಿಲ್ಲ.

ಇಲ್ಲಿ ಕಾಣುವ ನಿಯಮ ಒಂದೇ. ಬಹುಮಂದಿ ಉಪಯೋಗಿಸಿ, ಸವೆಸಿ, ಗುಜರಿಗೆ ಹಾಕಿದ ಮೇಲೆ ಅಳಿದುಳಿದ ಕೆಲವಕ್ಕೆ ಬೆಲೆ ಬರುತ್ತದೆ. ವಿರಳತೆಯನ್ನು ಹುಟ್ಟಿಸುವುದು ನಾಶ. ಎಲ್ಲರೂ ನಾಳಿನ ಬೆಲೆಯನ್ನೇ ಎಣಿಸಿ ಹೊದಿಕೆ ಹಾಕಿ ಜೋಪಾನ ಮಾಡಿದರೆ ನೂರಕ್ಕೆ ನೂರೂ ಉಳಿಯುತ್ತವೆ. ಮಾರುವ ದಿನ ನೂರು ಜನ ಮಾರುವವರೇ ಎದುರುಬದುರಾಗಿ ನಿಲ್ಲುತ್ತಾರೆ. ಬೆಲೆಗೆ ಇನ್ನೊಂದು ಮೂಲ ನೆನಪು. ಹದಿಹರೆಯದಲ್ಲಿ ಯಾವ ವಾಹನವನ್ನು ಕಂಡು ಆಸೆಪಟ್ಟನೋ ಅದನ್ನೇ ಮನುಷ್ಯ ಐವತ್ತನೆಯ ವಯಸ್ಸಿನಲ್ಲಿ ಹುಡುಕುತ್ತಾನೆ. ವಿದ್ಯುತ್ ವಾಹನದಲ್ಲಿಯೇ ಶಾಲೆಗೆ ಹೋಗಿ ಬೆಳೆದ 2050ರ ತರುಣನಿಗೆ ಪೆಟ್ರೋಲ್ ಎಂಜಿನ್ನಿನ ಗರ್ಜನೆ ಸಂಗೀತವಾಗಿ ಕೇಳುತ್ತದೋ, ಬರಿಯ ಗದ್ದಲವಾಗಿ ಕೇಳುತ್ತದೋ, ಇಂದು ಹೇಳಬಲ್ಲವರು ಯಾರೂ ಇಲ್ಲ.

ಲಾಭದ ಎಣಿಕೆಯಿಂದಲೇ ವೇಗದ ಕಾರನ್ನು ಕೊಂಡವರ ಗತಿಯನ್ನು ಇಂಗ್ಲೆಂಡಿನ ಜಾಗ್ವಾರ್ ಎಕ್ಸ್‌ಜೆ 220ರ ಪ್ರಕರಣ ತೋರಿಸುತ್ತದೆ. 1988ರಲ್ಲಿ ಅದರ ಮಾದರಿ ಪ್ರದರ್ಶನಗೊಂಡಿತು. ಹಳೆಯ ಕಾರುಗಳ ಬೆಲೆ ಆಗ ಆಕಾಶಕ್ಕೇರುತ್ತಿತ್ತು. ಮರುವರ್ಷ ತಲಾ 50 ಸಾವಿರ ಪೌಂಡ್ ಮುಂಗಡ ಕೊಡಲು ಜನ ಮುಗಿಬಿದ್ದರು. ಕೈಗೆ ಬಂದ ದಿನವೇ ಲಾಭಕ್ಕೆ ಮಾರುವುದು ಅವರಲ್ಲಿ ಹಲವರ ಎಣಿಕೆ. 1992ರಲ್ಲಿ ಕಾರು ಹೊರಬರುವ ಹೊತ್ತಿಗೆ ಹನ್ನೆರಡು ಸಿಲಿಂಡರಿನ ಎಂಜಿನ್ನಿನ ಬದಲು ಆರು ಸಿಲಿಂಡರಿನದು ಬಂದಿತ್ತು, ಅರ್ಥವ್ಯವಸ್ಥೆ ಕುಸಿದಿತ್ತು. ಮುಂಗಡ ಕೊಟ್ಟವರು ಕಾರು ಬೇಡವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಗಂಟೆಗೆ 340 ಕಿ.ಮೀ. ದಾಟಬಲ್ಲ, 300ಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕಾರು ಕೊಳ್ಳುವವರಿಲ್ಲದೆ ವರ್ಷಗಟ್ಟಲೆ ನಿಂತಿತು. ಎರಡು ದಶಕಗಳಾಚೆ ಅದಕ್ಕೆ ಬೆಲೆ ಬಂದುದು ನಿಜ; ಆದರೆ ಆ ಬೆಲೆಯನ್ನು ಉಂಡವರು ಕುಸಿದ ಕಾಲದಲ್ಲಿ ಅಗ್ಗಕ್ಕೆ ಕೊಂಡು, ಇಷ್ಟಪಟ್ಟು ಇಟ್ಟುಕೊಂಡವರು.

ಇಂತಹ ಪಾಠ ಕರಾವಳಿಗೆ ಹೊಸದಲ್ಲ. ಧಾರವಾಡ, ಹುಬ್ಬಳ್ಳಿಗಳ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾಲದಲ್ಲಿ ‘ಕುಮಟಾ ಹತ್ತಿ’ ಎಂಬುದು ಲೋಕದ ಮಾರುಕಟ್ಟೆಗೆ ಪರಿಚಿತವಾದ ಹೆಸರಾಗಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗಿ ಅಲ್ಲಿನ ಹತ್ತಿ ನಿಂತೊಡನೆ ಭಾರತದ ಹತ್ತಿಯ ಧಾರಣೆ ಕಂಡುಕೇಳರಿಯದಂತೆ ಏರಿತು. ಏರಿದ್ದು ಇನ್ನೂ ಏರುತ್ತದೆಂದು ನಂಬಿದವರು ಸಾಲ ಮಾಡಿ ಸಂಗ್ರಹಿಸಿದರು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಬಿತ್ತು, ಮುಂಬಯಿಯಲ್ಲಿ ದೊಡ್ಡ ದೊಡ್ಡ ಮನೆತನಗಳೇ ದಿವಾಳಿಯೆದ್ದವು. ಹತ್ತಿಯಾದರೂ ಬಟ್ಟೆಯಾಗುವ ವಸ್ತು; ಬಿದ್ದ ಧಾರಣೆಗೂ ಅದನ್ನು ಕೊಳ್ಳುವ ಗಿರಣಿ ಇತ್ತು. ಓಡದೆ ನಿಂತ ಕಾರಿಗೆ ಅಂತಹ ಗಿರಣಿಯೂ ಇಲ್ಲ.

ಇನ್ನು ಖಾತೆಪುಸ್ತಕದ ಮಾತು. 50 ಲಕ್ಷ ರೂ. ಬೆಲೆಯ ಕಾರು ಹೊನ್ನಾವರದ ಸಾರಿಗೆ ಕಚೇರಿಯಲ್ಲಿ ಕೆಎ-47ರ ಫಲಕ ಪಡೆಯುವ ಮುನ್ನ ಶೇ. 18ರ ಆಜೀವ ತೆರಿಗೆಯಾಗಿ 9 ಲಕ್ಷ ರೂ. ತೆರಬೇಕು, ಅದರ ಮೇಲಿನ ಸೆಸ್ ಬೇರೆ, ವಿಮೆ ಬೇರೆ. ಈ ಹಣ ಮರುಮಾರಾಟದಲ್ಲಿ ಹಿಂದಿರುಗುವುದಿಲ್ಲ. ವಿಮಾ ಕಂಪನಿಗಳು ಅನುಸರಿಸುವ ಸವಕಳಿಯ ಪಟ್ಟಿಯಂತೆ ಐದನೆಯ ವರ್ಷದಲ್ಲಿ ಕಾರಿನ ಮೌಲ್ಯ ಅರ್ಧಕ್ಕಿಳಿಯುತ್ತದೆ. ನಷ್ಟ ತುಂಬಿಕೊಡಬೇಕಾದವನೇ 50 ಲಕ್ಷದ ವಸ್ತುವನ್ನು 25 ಲಕ್ಷವೆಂದು ಬರೆಯುವಾಗ ಅದನ್ನು ಆಸ್ತಿಯೆಂದು ಕರೆಯುವ ಧೈರ್ಯ ಮಾಲೀಕನಿಗೆ ಎಲ್ಲಿಂದ ಬರಬೇಕು? ಅದೇ 50 ಲಕ್ಷವನ್ನು ವರ್ಷಕ್ಕೆ ಶೇ. 7ರ ಚಕ್ರಬಡ್ಡಿಯಲ್ಲಿ ತೊಡಗಿಸಿದರೆ 25 ವರ್ಷಗಳಲ್ಲಿ ಸುಮಾರು 2 ಕೋಟಿ 71 ಲಕ್ಷವಾಗುತ್ತದೆ. 50 ವರ್ಷಗಳಲ್ಲಿ 14 ಕೋಟಿ 70 ಲಕ್ಷವನ್ನು ದಾಟುತ್ತದೆ. ಕಾರು ಈ ಬೆಲೆಗೆ ಮಾರಾಟವಾದರೂ ಲಾಭ ಸೊನ್ನೆ. ತೆರಿಗೆ, ವಿಮೆ, ಶೆಡ್ಡು, ಟಯರು, ಬ್ಯಾಟರಿಗಳ ಖರ್ಚನ್ನು ಅದರ ಮೇಲೆ ಕೂಡಿಸಬೇಕು.

ಐವತ್ತು ವರ್ಷವೆಂಬ ಅಂಕಿ ಊಹೆಯದಲ್ಲ. ಕೇಂದ್ರ ಸರಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮಗಳಂತೆ ಮೊದಲ ನೋಂದಣಿಯಿಂದ 50 ವರ್ಷ ಕಳೆದ, ಮೂಲರೂಪ ಕೆಡದ ವಾಹನ ಮಾತ್ರ ‘ವಿಂಟೇಜ್’ ಎನಿಸಿಕೊಳ್ಳುತ್ತದೆ; ಹಾಗೆ ನೋಂದಾಯಿಸಿದ ಮೇಲೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 2025ರಲ್ಲಿ ಕೊಂಡ ಕಾರಿಗೆ ಆ ಗೌರವ ದೊರೆಯುವುದು 2075ರಲ್ಲಿ. ಇಪ್ಪತ್ತೈದರ ತರುಣನಿಗೆ ಆಗ ಎಪ್ಪತ್ತೈದು. ನಡುವಣ ಕಾಲದಲ್ಲಿ ಅದು ಹೊಸತೂ ಅಲ್ಲ, ಪುರಾತನವೂ ಅಲ್ಲ. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣವಾಗಬೇಕು. ಇಪ್ಪತ್ತು ವರ್ಷ ದಾಟಿದ ಕಾರಿಗೆ ಆ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10 ಸಾವಿರ ರೂ.ಗೆ ಏರಿಸಲಾಯಿತು. ಶುಲ್ಕ ಹೊರೆಯಲ್ಲ, ಪ್ರತಿ ಸಲವೂ ಕಾರು ಸುಸ್ಥಿತಿಯಲ್ಲಿದೆಯೆಂದು ತೋರಿಸಬೇಕಾದುದೇ ಹೊರೆ.

ಮೇಲೆ ಹೇಳಿದ ಫೋರ್ಡ್ ಟೂರರ್ ಪ್ರಕರಣದಲ್ಲಿ 2025ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಗಮನಾರ್ಹ. ಸ್ವಂತ ಉಪಯೋಗದ ವಸ್ತುವನ್ನು ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲವೆಂಬುದು ಮಾಲೀಕರ ವಾದ. ಆ ಕಾರನ್ನು ಅವರು ನಿಜವಾಗಿ ಸ್ವಂತಕ್ಕೆ ಉಪಯೋಗಿಸಿದ್ದರೆಂಬುದಕ್ಕೆ ಆಧಾರವಿಲ್ಲವೆಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಹೊದಿಕೆಯಡಿಯಲ್ಲಿ ಮುಚ್ಚಿಟ್ಟ ಕಾರು ಕಾನೂನಿನ ಕಣ್ಣಿಗೂ ವಾಹನವಾಗಿ ಕಾಣುವುದಿಲ್ಲ.

ಮೂರನೆಯದು ನೆಲದ ಗುಣ. ಕುಮಟಾ ತಾಲೂಕಿನ ಸಾಣಿಕಟ್ಟೆಯಲ್ಲಿ ಸಮುದ್ರದ ನೀರು ಆಗರಗಳಲ್ಲಿ ಉಪ್ಪಾಗುತ್ತದೆ. ಅದೇ ಸಮುದ್ರದ ಗಾಳಿ ಮೂರು ತಾಲೂಕುಗಳ ಪ್ರತಿಯೊಂದು ಶೆಡ್ಡಿನೊಳಕ್ಕೂ ಬರುತ್ತದೆ. ನಾಲ್ಕು ತಿಂಗಳ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೇ ಬೂಸ್ಟು ಬರುವ ಊರಿನಲ್ಲಿ ನಿಂತ ಕಾರಿನ ಬ್ರೇಕಿನ ತಟ್ಟೆ, ತಂತಿಗಳ ಜೋಡಣೆ, ಚಕ್ರದ ಬೇರಿಂಗು ಹೇಗೆ ಉಳಿದಾವು? ಓಡಿಸದಿದ್ದರೆ ಯಂತ್ರ ಕೆಡುತ್ತದೆ. ಓಡಿಸಿದರೆ, ಕಡಿಮೆ ಓಡಿದ್ದಕ್ಕೇ ಹೆಚ್ಚು ಬೆಲೆಯೆಂಬ ಸಂಗ್ರಹಕಾರರ ಲೆಕ್ಕ ಕೆಡುತ್ತದೆ. ಅಂಬಾಸಿಡರ್ ಕಾರಿನ ಕಾಲದಲ್ಲಿ ಹೊನ್ನಾವರದ ಮೇಸ್ತ್ರಿಯೊಬ್ಬ ಸ್ಪ್ಯಾನರು, ಸುತ್ತಿಗೆಗಳಿಂದ ಎಂಜಿನ್ನನ್ನೇ ಬಿಚ್ಚಿ ಕೂಡಿಸುತ್ತಿದ್ದನು. ಇಂದಿನ ವೇಗದ ಕಾರಿನ ಎಂಜಿನ್ನು, ಬ್ರೇಕು, ಗೇರು, ಬೀಗ ಎಲ್ಲವೂ ಕಂಪ್ಯೂಟರಿನ ಆಜ್ಞೆಯಲ್ಲಿವೆ. ಅದರ ರೋಗವನ್ನು ಓದಲು ತಯಾರಕರ ಯಂತ್ರವೇ ಬೇಕು. 1990ರ ದಶಕದಲ್ಲಿ ಕೇವಲ 106 ತಯಾರಾದ ಮ್ಯಾಕ್‌ಲಾರೆನ್ ಎಫ್1 ಎಂಬ ಅತಿ ದುಬಾರಿ ಕಾರಿನ ನಿರ್ವಹಣೆಗೆ ಆ ಕಾಲದ ಕಾಂಪ್ಯಾಕ್ ಲ್ಯಾಪ್‌ಟಾಪೇ ಬೇಕೆಂದು ಕಂಪನಿ ಇಪ್ಪತ್ತು ವರ್ಷಗಳ ಮೇಲೂ ಹಳೆಯ ಲ್ಯಾಪ್‌ಟಾಪುಗಳನ್ನು ಕಾಪಾಡಿಕೊಂಡು ಬಂದ ಕಥೆ 2016ರಲ್ಲಿ ಜಗತ್ತಿಗೆ ತಿಳಿಯಿತು. ಅಷ್ಟು ಬೆಲೆಯ ಕಾರಿಗೆ ಕಂಪನಿ ಆ ಶ್ರಮ ವಹಿಸಿತು. ಭಾರತಕ್ಕೆ ನೂರು ಕಾರು ಕಳುಹಿಸಿ ಕೈತೊಳೆದುಕೊಂಡವರು ಮೂವತ್ತು ವರ್ಷಗಳಾಚೆ ಭಟ್ಕಳದ ಒಂದು ಕಾರಿಗಾಗಿ ಅದನ್ನು ಮಾಡುತ್ತಾರೆಂದು ನಂಬುವುದು ಭೋಳೇತನ.

ಲೆಕ್ಕ ಮುಗಿಯಿತು, ಇನ್ನು ಆಚಾರ. ಶಾಸ್ತ್ರಕಾರರು ಎಣಿಸಿದ ಹತ್ತು ಬಗೆಯ ಬಾಹ್ಯ ಪರಿಗ್ರಹಗಳಲ್ಲಿ ಕ್ಷೇತ್ರ, ವಾಸ್ತು, ಧನ, ಧಾನ್ಯಗಳ ಜೊತೆಗೆ ಯಾನವೂ ಸೇರಿದೆ. ಗೃಹಸ್ಥನಿಗೆ ಯಾನವನ್ನು ಯಾರೂ ನಿಷೇಧಿಸಲಿಲ್ಲ, ಅದಕ್ಕೊಂದು ಪರಿಮಾಣವಿರಲೆಂದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದು ಅತಿವಾಹನ, ಎರಡನೆಯದು ಅತಿಸಂಗ್ರಹ. ಮುಂದೆ ವಿಶೇಷ ಲಾಭ ಬರುತ್ತದೆಂಬ ಲೋಭದ ಆವೇಶದಿಂದ ಧಾನ್ಯಾದಿಗಳನ್ನು ಮಿತಿಮೀರಿ ಕೂಡಿಡುವುದೇ ಅತಿಸಂಗ್ರಹವೆಂದು ವ್ಯಾಖ್ಯಾನಕಾರರು ಬಿಡಿಸಿದ್ದಾರೆ. ನಾಳಿನ ಬೆಲೆಗಾಗಿ ಇಂದು ಕಾರನ್ನು ಮುಚ್ಚಿಡುವವನಿಗೆ ಇದಕ್ಕಿಂತ ಸ್ಪಷ್ಟವಾಗಿ ಅನ್ವಯಿಸುವ ಮಾತು ಬೇರೆ ಬೇಕೆ? ಅದೇ ಗ್ರಂಥ ನಿಷ್ಪ್ರಯೋಜಕವಾದ ಅಲೆದಾಟವನ್ನು ಅನರ್ಥದಂಡದಲ್ಲಿ, ಪ್ರಮಾದಚರ್ಯೆಯೆಂದು ಎಣಿಸುತ್ತದೆ. ಶೆಡ್ಡಿನಲ್ಲಿಟ್ಟರೆ ಅತಿಸಂಗ್ರಹ, ಯಂತ್ರ ಕೆಡಬಾರದೆಂದು ರಾತ್ರಿಯ ಹೊತ್ತು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗುರಿಯಿಲ್ಲದೆ ಹಾರಿಸಿದರೆ ಪ್ರಮಾದಚರ್ಯೆ. ಮಳೆಗಾಲದ ಆ ರಸ್ತೆಯಲ್ಲಿ ಕಪ್ಪೆಯಿಂದ ಹಿಡಿದು ದನಕರುಗಳವರೆಗೆ, ಬಸ್ಸಿಳಿದು ದಾಟುವ ಮನುಷ್ಯರವರೆಗೆ ಎಷ್ಟು ಜೀವಗಳಿವೆಯೆಂಬುದು ಸ್ಥಳೀಯರಿಗೆ ಗೊತ್ತು. ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ ಆರು ಚಿಲ್ಲರೆ ಸೆಕೆಂಡಿನಲ್ಲಿ ಏರುವ ಸಾಮರ್ಥ್ಯಕ್ಕೆ ಅಲ್ಲಿ ಧರ್ಮ್ಯವಾದ ಪ್ರಯೋಜನವೊಂದನ್ನು ಹೇಳಲಿ, ಕೇಳೋಣ.

‘ಹಾಗಿದ್ದರೆ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವೂ ತಪ್ಪೇ?’ ಎಂದು ಪ್ರಶ್ನಿಸುವವರಿದ್ದಾರೆ. ಹೋಲಿಕೆ ಸಲ್ಲದು. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಕೂಡಿದ ಹಳೆಯ ವಾಹನಗಳು ಧರ್ಮಸ್ಥಳದಲ್ಲಿಯೂ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯದಲ್ಲಿಯೂ ಎಲ್ಲರ ವೀಕ್ಷಣೆಗೆ ತೆರೆದಿವೆ. ತಮ್ಮ ಕಾಲದ ಸೇವೆ ಮುಗಿಸಿ ಗುಜರಿಗೆ ಹೋಗಬಹುದಾಗಿದ್ದ ಯಂತ್ರಗಳು ಅಲ್ಲಿ ಶಾಲೆಯ ಮಕ್ಕಳಿಗೆ ಪಾಠವಾಗಿವೆ. ಅಳಿಯುವುದನ್ನು ಉಳಿಸಿ ಸಾರ್ವಜನಿಕರ ಮುಂದಿಡುವುದು ಒಂದು. ಹೊಸತನ್ನು ಕೊಂಡು ಬೀಗ ಹಾಕಿ ಗಿರಾಕಿಗಾಗಿ ಕಾಯುವುದು ಇನ್ನೊಂದು. ಮೊದಲನೆಯದರಲ್ಲಿ ಸಂಗ್ರಹವಿದ್ದರೂ ಹಂಚಿಕೆಯಿದೆ. ಎರಡನೆಯದರಲ್ಲಿ ಮೂರ್ಛೆಯೊಂದೇ ಇದೆ.

ಬಸದಿಗಳ ವಿಶ್ವಸ್ತರಿಗೂ ಒಂದು ಮಾತು ಸಲ್ಲಬೇಕು. ಆದಾಯ ತೆರಿಗೆಯ ಕಾನೂನು ಧಾರ್ಮಿಕ ಟ್ರಸ್ಟಿನ ಹಣವನ್ನು ನಿಗದಿತ ರೂಪಗಳಲ್ಲಿ ಮಾತ್ರ ತೊಡಗಿಸಲು ಬಿಡುತ್ತದೆ. ಬೆಲೆ ಏರುವುದೆಂದು ಕಾದಿರಿಸಿದ ಕಾರು ಅವುಗಳಲ್ಲಿಲ್ಲ. ಮೌಲ್ಯ ಹೆಚ್ಚುವುದೆಂಬ ಭರವಸೆಯೊಡನೆ ಯಾರಾದರೂ ಅಂತಹ ವಾಹನವನ್ನು ದಾನವಾಗಿ ಕೊಡಬಂದರೆ, ಅದನ್ನು ಒಡನೆ ಮಾರಿ ಹಣವನ್ನು ವಿದ್ಯಾರ್ಥಿವೇತನಕ್ಕೋ ಔಷಧಕ್ಕೋ ತೊಡಗಿಸಲು ದಾತರು ಒಪ್ಪುವುದಾದರೆ ಮಾತ್ರ ಸ್ವೀಕರಿಸುವುದು ಯುಕ್ತ. ಕಾಳುಮೆಣಸಿನ ವ್ಯಾಪಾರ ಬೆಳಗಿದ ಕಾಲದಲ್ಲಿ ಈ ನಾಡಿನಲ್ಲಿ ಎದ್ದ ಗೇರುಸೊಪ್ಪೆಯ ಚತುರ್ಮುಖ ಬಸದಿ, ಹಾಡುವಳ್ಳಿಯ ಬಸದಿಗಳು, ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇಂದು ಬೆಲೆ ಕಟ್ಟಲಾಗದ ವಸ್ತುಗಳು. ಕಟ್ಟಿಸಿದವರು ಮರುಮಾರಾಟವನ್ನು ಎಣಿಸಿ ಕಟ್ಟಿಸಲಿಲ್ಲ.

ಇಂದಿನ ವೇಗದ ಕಾರುಗಳಲ್ಲಿ ಒಂದೆರಡು ನಾಳೆ ಸಂಗ್ರಹಯೋಗ್ಯವಾಗಬಹುದು. ಯಾವುವೆಂದು ಇಂದು ತಿಳಿಯದು. ಲಾಭಕ್ಕಾಗಿ ಇಟ್ಟವನಿಗೆ ಅದರ ಫಲ ದೊರೆಯುವ ಸಂಭವ ತೀರ ಕಡಿಮೆ. ಕಾರು ಬೇಕಾದವರು ಅವಶ್ಯಕತೆಗೆ ತಕ್ಕುದನ್ನು ಕೊಳ್ಳಲಿ, ಅದನ್ನು ಓಡಿಸಲಿ, ಅದರ ಖರ್ಚನ್ನು ಖರ್ಚೆಂದೇ ಬರೆಯಲಿ. ಹಳೆಯದರ ಮೇಲೆ ನಿಜವಾದ ಪ್ರೀತಿಯಿರುವ ತರುಣರು ಹೊಸದರ ಮಳಿಗೆಗೆ ಹೋಗುವ ಮೊದಲು ಮನೆಯ ಹಿಂಬದಿಯನ್ನು ನೋಡಲಿ. ಅಜ್ಜನ ಅಂಬಾಸಿಡರೋ ಪ್ರೀಮಿಯರ್ ಪದ್ಮಿನಿಯೋ ತೆಂಗಿನ ಮಡಲಿನ ಕೆಳಗೆ ಕರಗುತ್ತಿದ್ದರೆ ಅದರ ನೋಂದಣಿ ಪತ್ರವನ್ನು ಹುಡುಕಿ ತೆಗೆಯಲಿ, ಅದನ್ನು ಬಲ್ಲ ಮುದಿ ಮೇಸ್ತ್ರಿ ಇರುವಾಗಲೇ ಅವನ ಕೈಕೆಳಗೆ ಕೆಲಸ ಕಲಿಯಲಿ. ಅದಕ್ಕೆ ತಗಲುವ ಹಣ ಹೊಸ ಕಾರಿನ ಆಜೀವ ತೆರಿಗೆಯನ್ನು ಮೀರಲಾರದು. ಮೀರಿತೆಂದು ಕಂಡ ದಿನ ಅಲ್ಲಿಗೇ ನಿಲ್ಲಿಸುವುದೂ ಪರಿಮಾಣವೇ.